ಸಂಜೆಯ ಹಾಲು ಬೆಳಗಿನ ಪಟ್ಟಿಗೆ ಸೇರಿದಾಗ

ಪ್ರಶ್ನೆ: ಮೇಡಂ, ಹಾಲಿನ ಸಂಘಗಳ ಲೆಕ್ಕಕ್ಕೆ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಪ್ರೋಗ್ರಾಂ ಬರೆಯುತ್ತಿದ್ದೇನೆ. ಹಾಲಿನ ದಾಖಲೆಯಿಂದ ಸದಸ್ಯರಿಗೆ, ಸದಸ್ಯರಿಂದ ಸಂಘಕ್ಕೆ, ಸಂಘದಿಂದ ತಾಲ್ಲೂಕಿಗೆ ಫಾರಿನ್ ಕೀ (ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಕೊಂಡಿ) ಇದೆ. ಮದ್ದೂರು ತಾಲ್ಲೂಕಿನ ಹಾಲು ಮಾತ್ರ ಬೇಕು ಅಂತ ಒಂದೊಂದೇ ದಾಖಲೆಗೆ ಲೂಪ್ ಹಾಕಿ ನೋಡಿದರೆ ತುಂಬಾ ನಿಧಾನ. ಇನ್ನೊಂದು, ಬೆಳಗಿನ ಹಾಲಿನಲ್ಲಿ ಫ್ಯಾಟ್ 3.5ಕ್ಕಿಂತ ಕಡಿಮೆ ಬಂದ ಸದಸ್ಯರ ಪಟ್ಟಿ ತೆಗೆದರೆ ಒಬ್ಬರ ಹೆಸರೇ ಹಲವು ಸಲ ಬರುತ್ತದೆ. ಏನು ಮಾಡಲಿ?
– ಓದುಗ, ಮದ್ದೂರು

ಉತ್ತರ: ಮೊದಲು ಆ ಲೂಪ್ ತೆಗೆದುಬಿಡಿ. ಒಂದು ದಾಖಲೆಯಿಂದ ತಾಲ್ಲೂಕಿಗೆ ಹೋಗಲು ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಒಂದು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಒಂದು ಪ್ರಶ್ನೆ. 12,000 ದಾಖಲೆ ಇದ್ದರೆ 36,000 ಕ್ವೆರಿ ಆಯಿತಲ್ವಾ? ಅದರ ಬದಲು ಬೇಕಾದ ದಾಖಲೆ ಮಾತ್ರ ಆರಿಸುವ ಫಿಲ್ಟರ್ ಒಳಗೆ ದಾರಿಯನ್ನೇ ಬರೆಯಿರಿ: ಸದಸ್ಯ__ಸಂಘ__ತಾಲ್ಲೂಕು__ಹೆಸರು='ಮದ್ದೂರು'. ನಡುವೆ ಎರಡೆರಡು ಅಂಡರ್‌ಸ್ಕೋರ್ ಇರಲಿ. ಮೂರು ಜಾಯಿನ್ (ಟೇಬಲ್‌ಗಳ ಜೋಡಣೆ) ಇರುವ ಒಂದೇ ಕ್ವೆರಿಯಲ್ಲಿ ಕೆಲಸ ಮುಗಿಯುತ್ತದೆ.

ಎರಡನೆಯದು ಸ್ವಲ್ಪ ತೊಡಕಿನದು. ಇಲ್ಲಿ ನೀವು ಸದಸ್ಯರಿಂದ ಹಾಲಿನ ಕಡೆಗೆ, ಅಂದರೆ ಒಬ್ಬರಿಂದ ಹಲವು ದಾಖಲೆಗೆ ಹೋಗುತ್ತಿದ್ದೀರಿ. ಹೊಂದಿದ ದಾಖಲೆ ಎಷ್ಟಿದೆಯೋ ಅಷ್ಟು ಸಲ ಹೆಸರು ಬರುತ್ತದೆ. ಕೊನೆಗೆ ಡಿಸ್ಟಿಂಕ್ಟ್ ಹಾಕಿದರೆ ಒಂದೇ ಸಲ ಬರುತ್ತದೆ.

ಆದರೆ ಬೆಳಗಿನ ಹೊತ್ತಿಗೆ ಒಂದು ಫಿಲ್ಟರ್, ಫ್ಯಾಟ್‌ಗೆ ಇನ್ನೊಂದು ಫಿಲ್ಟರ್ ಹಾಕಿದ್ದೀರಾ, ದಯವಿಟ್ಟು ನೋಡಿ. ಒಬ್ಬ ಸದಸ್ಯೆಯ ಹಾಲಿಗೆ ಬೆಳಿಗ್ಗೆ 4.1, ಸಂಜೆ 3.2 ಫ್ಯಾಟ್ ಬಂದಿದೆ ಅನ್ನಿ. ಮೊದಲ ಫಿಲ್ಟರ್ ಕೇಳುತ್ತದೆ, ಬೆಳಗಿನ ಹಾಲು ಇದೆಯಾ? ಇದೆ. ಎರಡನೆಯದು ಕೇಳುತ್ತದೆ, 3.5ಕ್ಕಿಂತ ಕಡಿಮೆ ಬಂದ ಹಾಲು ಇದೆಯಾ? ಅದೂ ಇದೆ, ಸಂಜೆಯದು. ಆಯಮ್ಮನ ಹೆಸರು ಸುಮ್ನೆ ಪಟ್ಟಿಗೆ ಸೇರಿತು. ಡಿಸ್ಟಿಂಕ್ಟ್ ಹಾಕಿದರೆ ಈ ತಪ್ಪು ಹೋಗುವುದಿಲ್ಲ, ಕಣ್ಣಿಗೆ ಕಾಣದ ಹಾಗೆ ಆಗುತ್ತದೆ ಅಷ್ಟೇ. ಎರಡೂ ಷರತ್ತನ್ನು ಒಂದೇ ಫಿಲ್ಟರ್ ಒಳಗೆ, ನಡುವೆ ಕಾಮಾ ಹಾಕಿ ಬರೆಯಿರಿ. ಆಗ ಎರಡೂ ಒಂದೇ ದಾಖಲೆಗೆ ಹೊಂದಬೇಕಾಗುತ್ತದೆ.

ಒಂದು ಶಾಲೆಗೆ ಬಸ್ ಫೀಸ್ ಬಾಕಿ ಪಟ್ಟಿ ಮಾಡುವಾಗ ನಾನೂ ಹೀಗೆ ಫಿಲ್ಟರ್ ಒಡೆದು ಬರೆದಿದ್ದೆ. ಒಂದು ಮಗುವಿನ ಬಸ್ ಫೀಸ್ ಕಟ್ಟಿ ಆಗಿತ್ತು, ಪರೀಕ್ಷೆ ಫೀಸ್ ಮಾತ್ರ ಬಾಕಿ. ಆದರೂ ಹೆಸರು ಬಂತು. ಮರುದಿನ ಆ ತಾಯಿ ನಾಲ್ಕು ಮಡಿಕೆಯ ರಶೀದಿ ಬಿಚ್ಚಿ ಮೇಜಿನ ಮೇಲಿಟ್ಟರು. ಅವರ ಮುಖ ಇನ್ನೂ ನೆನಪಿದೆ. ನಿಮ್ಮ ಪಟ್ಟಿಯಲ್ಲಿ ಇರುವುದೂ ಜನರ ಹಾಲಿನ ದುಡ್ಡು.

ಪಟ್ಟಿ ಕಳಿಸುವ ಮುಂಚೆ ಆ ಕ್ವೆರಿಯಿಂದ ಡೇಟಾಬೇಸ್‌ಗೆ ಹೋಗುವ ಆಜ್ಞೆ, ಅಂದರೆ ಎಸ್‌ಕ್ಯೂಎಲ್ ಅನ್ನು ಪ್ರಿಂಟ್ ಮಾಡಿ ಓದಿ. ಹಾಲಿನ ಟೇಬಲ್ ಎರಡು ಸಲ ಜಾಯಿನ್ ಆಗಿದ್ದರೆ ಫಿಲ್ಟರ್ ಎಲ್ಲೋ ಒಡೆದಿದೆ ಅಂತಲೇ ತಿಳಿಯಿರಿ.