ಎರಡು ಕಿತ್ತಳೆ, ಎರಡೂ ಕೈಯಲ್ಲಿ

ಹೆಂಡತಿ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಸಿಂಗಪುರಕ್ಕೆ ಬರುತ್ತಿದ್ದೀರಿ. ಇಲ್ಲಿ ನಮ್ಮ ಹಬ್ಬಗಳಿಗೆ ರಜೆ ಇದೆಯೇ, ಮಗಳು ಹಬ್ಬವೇ ಇಲ್ಲದೆ ಬೆಳೆಯುತ್ತಾಳೆಯೇ ಎಂದು ಕೇಳಿದ್ದೀರಿ. ಹದಿನೇಳು ವರ್ಷದಿಂದ ಇಲ್ಲಿದ್ದೇನೆ, ಇಬ್ಬರು ಮಕ್ಕಳನ್ನು ಇಲ್ಲೇ ಬೆಳೆಸಿದ್ದೇನೆ. ಹಬ್ಬಕ್ಕೆ ಇಲ್ಲಿ ಬರವಿಲ್ಲ. ಆದರೆ ನಮ್ಮ ಮನೆಯ ಬಾಗಿಲು ಹಾಕಿಕೊಂಡು ನಮ್ಮ ಹಬ್ಬವನ್ನಷ್ಟೇ ಮಾಡಿದರೆ ಈ ಊರು ಕೊನೆಗೂ ಪರಊರಾಗಿಯೇ ಉಳಿಯುತ್ತದೆ.

ಮೊದಲು ರಜೆಯ ಮಾತು. ವರ್ಷಕ್ಕೆ 11 ಸಾರ್ವಜನಿಕ ರಜೆಗಳಿವೆ. ಚೀನೀ ಹೊಸವರ್ಷಕ್ಕೆ ಎರಡು ದಿನ, ರಂಜಾನ್ ಮತ್ತು ಬಕ್ರೀದ್‌ಗೆ ಒಂದೊಂದು, ಬುದ್ಧ ಪೂರ್ಣಿಮೆ, ಗುಡ್ ಫ್ರೈಡೆ, ಕ್ರಿಸ್‌ಮಸ್, ದೀಪಾವಳಿ. ಉಳಿದವು ಜನವರಿ 1, ಮೇ 1 ಮತ್ತು ಆಗಸ್ಟ್ 9ರ ರಾಷ್ಟ್ರೀಯ ದಿನ. ಯುಗಾದಿ, ಗೌರಿ ಗಣೇಶ, ದಸರೆಗೆ ನಿಮ್ಮ ಸ್ವಂತ ರಜೆಯನ್ನೇ ಹಾಕಬೇಕು. ದೀಪಾವಳಿಯೂ ಒಂದೇ ದಿನ, ತಮಿಳರ ಪದ್ಧತಿಯಂತೆ ನರಕ ಚತುರ್ದಶಿಯ ಹೊತ್ತಿಗೆ. ಬಲಿಪಾಡ್ಯಮಿಯಂದು ಕಚೇರಿಯಲ್ಲಿರುತ್ತೀರಿ. ಪಟಾಕಿಯ ಆಸೆಯನ್ನೂ ಊರಿನಲ್ಲೇ ಬಿಟ್ಟು ಬನ್ನಿ. 1972ರಿಂದ ನಿಷೇಧವಿದೆ, ಸುರುಸುರುಬತ್ತಿಗೆ ಮಾತ್ರ ಅಡ್ಡಿಯಿಲ್ಲ.

ಬರೀ ಒಂದೇ ದಿನವೇ ಎಂದು ನಾನೂ ಒಮ್ಮೆ ಸಿಡುಕಿದ್ದೆ. ಆಮೇಲೆ ತಿಳಿಯಿತು: 1968ರಲ್ಲಿ ಈ ಪುಟ್ಟ ದೇಶ ದುಡಿಮೆಯ ದಿನಗಳನ್ನು ಹೆಚ್ಚಿಸಲು ರಜೆಗಳನ್ನು ಕಡಿತ ಮಾಡಿದಾಗ ಎಲ್ಲರೂ ಒಂದಿಷ್ಟು ಬಿಟ್ಟುಕೊಟ್ಟಿದ್ದರು. ಮುಸ್ಲಿಮರು ಪೈಗಂಬರರ ಜನ್ಮದಿನದ ರಜೆಯನ್ನು ಬಿಟ್ಟರು. ಕ್ರೈಸ್ತರಿಗೆ ಕ್ರಿಸ್‌ಮಸ್‌ನ ಮರುದಿನದ ರಜೆ ಹೋಯಿತು. ಹಿಂದೂಗಳು ಮುರುಗನ ಹಬ್ಬವಾದ ತೈಪೂಸವನ್ನು ಬಿಟ್ಟು ದೀಪಾವಳಿಯನ್ನು ಉಳಿಸಿಕೊಂಡರು. ತೈಪೂಸದ ದಿನ ರಜೆಯಿಲ್ಲದಿದ್ದರೂ ಭಕ್ತರು ಇಂದಿಗೂ ಕಾವಡಿ ಹೊತ್ತು ನಡೆಯುತ್ತಾರೆ. ಅದನ್ನು ನೋಡಿದ ಮೇಲೆ ನನ್ನ ಸಿಡುಕು ಇಳಿಯಿತು.

ಇನ್ನು ನೆರೆಹೊರೆ. ಸರ್ಕಾರಿ ವಸತಿ ಕಟ್ಟಡಗಳಲ್ಲಿ ಒಂದೇ ಜನಾಂಗದವರು ಒಂದೆಡೆ ಗುಂಪುಗೂಡದಂತೆ 1989ರಿಂದ ಮಿತಿ ಇದೆ. ಹಾಗಾಗಿ ನಮ್ಮ ಮೊಗಸಾಲೆಯಲ್ಲಿ ಒಂದು ಬಾಗಿಲಿಗೆ ಕೆಂಪು ಕಾಗದದ ಶುಭಾಕ್ಷರ, ಪಕ್ಕದ ಬಾಗಿಲಿಗೆ ಅರಬಿ ಬರಹ, ನಮ್ಮದಕ್ಕೆ ಮಾವಿನ ತೋರಣ. ಮೊದಲ ವರ್ಷ ಚೀನೀ ಹೊಸವರ್ಷದ ಬೆಳಿಗ್ಗೆ ಎದುರು ಮನೆಯ ಅಜ್ಜಿ ಎರಡು ಕಿತ್ತಳೆ ಹಣ್ಣುಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಒಂದು ಕೈಯಲ್ಲಿ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿದೆ. ಎರಡೂ ಕೈಯೊಡ್ಡಿ ಪಡೆದು, ಮತ್ತೆರಡು ಹಣ್ಣನ್ನು ಮರಳಿ ಕೊಟ್ಟು ಕಳುಹಿಸಬೇಕಿತ್ತು. ಕುಂಕುಮಕ್ಕೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಿದ ಹಾಗಾಯಿತು. ಮರುವರ್ಷ ಹಣ್ಣು ಹಿಡಿದು ನಾವೇ ಮೊದಲು ಹೋದೆವು. ಈಗ ಅವರ ಮೊಮ್ಮಕ್ಕಳಿಗೆ ಯುಗಾದಿಯೆಂದರೆ ಒಬ್ಬಟ್ಟು.

ನೀವೂ ಹಾಗೆಯೇ ಮಾಡಿ. ಚೀನೀ ಹೊಸವರ್ಷಕ್ಕೆ ನೆರೆಮನೆಯ ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹಣವಿಟ್ಟು ಕೊಡಿ, ಆದರೆ ನೂರಾ ಒಂದು ಎಂಬ ನಮ್ಮ ಲೆಕ್ಕ ಅಲ್ಲಿ ಬೇಡ. ಅವರಿಗೆ ಸರಿಸಂಖ್ಯೆಯೇ ಶುಭ, ನಾಲ್ಕು ಮಾತ್ರ ಕೂಡದು. ರಂಜಾನ್ ಹಬ್ಬಕ್ಕೆ ಮಲಯ ಮನೆಗಳು ಎಲ್ಲರಿಗೂ ತೆರೆದಿರುತ್ತವೆ, ಅಲ್ಲಿ ಲಕೋಟೆ ಹಸಿರು. ಕಿರಿಯರು ಹಿರಿಯರ ಕೈ ಹಿಡಿದು ‘ಮಾಫ್ ಜಾಹಿರ್ ದಾನ್ ಬಾತಿನ್’ ಎನ್ನುತ್ತಾರೆ. ಹೊರಗೆ ತೋರಿದ್ದು, ಒಳಗೆ ಇಟ್ಟುಕೊಂಡದ್ದು, ಎರಡನ್ನೂ ಕ್ಷಮಿಸಿ ಎಂದು ಅದರ ಅರ್ಥ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡು ಎನ್ನುವ ನಾವು ಆ ಮಾತನ್ನು ಒಮ್ಮೆ ಹತ್ತಿರದಿಂದ ಕೇಳಬೇಕು. ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದರೆ ಯಾರೂ ಬೇಸರ ಪಡುವುದಿಲ್ಲ.

ಚೀನೀ ಪಂಚಾಂಗದ ಏಳನೆಯ ತಿಂಗಳು ಹೆಚ್ಚುಕಡಿಮೆ ನಮ್ಮ ಪಿತೃಪಕ್ಷದ ಆಸುಪಾಸಿನಲ್ಲಿ ಬರುತ್ತದೆ. ರಸ್ತೆಯಂಚಿನಲ್ಲಿ ಅನ್ನ, ಹಣ್ಣು, ಊದುಬತ್ತಿ ಕಾಣಿಸುತ್ತವೆ. ಸತ್ತವರಿಗೆಂದು ಕಾಗದದ ಹಣ ಸುಡುತ್ತಾರೆ. ಮಗಳು ಎಡೆಯನ್ನು ತುಳಿಯದಂತೆ ನೋಡಿಕೊಳ್ಳಿ. ಕಾಗೆಗೆ ಎಡೆ ಇಡುವವರ ಮಗಳಿಗೆ ಅದನ್ನು ವಿವರಿಸುವುದು ಕಷ್ಟವೇನಲ್ಲ.

ದೀಪಾವಳಿಗೆ ಸುಮಾರು ಒಂದು ವಾರ ಮೊದಲು ಸೌತ್ ಬ್ರಿಡ್ಜ್ ರಸ್ತೆಯ ಶ್ರೀ ಮಾರಿಯಮ್ಮನ್ ದೇವಸ್ಥಾನದಲ್ಲಿ ತೀಮಿತಿ ನಡೆಯುತ್ತದೆ. ಅದು ನಮ್ಮ ಕೊಂಡ ಹಾಯುವುದೇ. ದ್ರೌಪದಿಯ ಹೆಸರಿನಲ್ಲಿ ಬರಿಗಾಲಲ್ಲಿ ಕೆಂಡದ ಮೇಲೆ ನಡೆಯುತ್ತಾರೆ, ಕೊನೆಯಲ್ಲಿ ಹಾಲಿನ ಗುಂಡಿಯಲ್ಲಿ ಕಾಲಿಡುತ್ತಾರೆ. ಸಿರಂಗೂನ್ ರಸ್ತೆಯ ಪೆರುಮಾಳ್ ಗುಡಿಯಿಂದ ಸುಮಾರು 4 ಕಿಲೋಮೀಟರ್ ನಡೆದೇ ಬರುತ್ತಾರೆ. ಬೆಂಗಳೂರಿನ ಕರಗವನ್ನು ಕಂಡವನಿಗೆ ಸಮುದ್ರ ದಾಟಿದ ಮೇಲೂ ದ್ರೌಪದಮ್ಮ ಎದುರಾದಳು. ಆ ರಾತ್ರಿ ನಾನು ಅತ್ತಿದ್ದೆ. ಅದೇ ರಸ್ತೆಯಲ್ಲಿ ಹತ್ತು ಹೆಜ್ಜೆಯಾಚೆ ಜಾಮೆ ಮಸೀದಿ. ಎರಡೂ ಸ್ಥಾಪನೆಯಾದದ್ದು 1820ರ ದಶಕದಲ್ಲಿ.

ಮಾವಿನ ಸೊಪ್ಪು, ಬಾಳೆ ಎಲೆ, ಬಿಡಿ ಹೂವು ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯಲ್ಲಿ ಸಿಗುತ್ತವೆ, ಹೊತ್ತು ತರಬೇಡಿ. ಗಣೇಶನನ್ನು ಚಿಕ್ಕದಾಗಿ ಮಣ್ಣಿನಲ್ಲೇ ಮಾಡಿ, ಮನೆಯ ಬಕೆಟ್ಟಿನಲ್ಲಿ ಬಿಡಿ. ಮಗಳ ಪೆಟ್ಟಿಗೆಯಲ್ಲಿ ಮಾತ್ರ ಒಂದು ಜೊತೆ ಲಂಗ ದಾವಣಿ ಇರಲಿ. 1964ರ ಜನಾಂಗೀಯ ಗಲಭೆಗಳ ನೆನಪಿಗೆ ಜುಲೈ 21ರಂದು ಶಾಲೆಯ ಮಕ್ಕಳು ತಮ್ಮ ತಮ್ಮ ಉಡುಗೆ ತೊಟ್ಟು ಬರುತ್ತಾರೆ. ಒಬ್ಬರದನ್ನು ಇನ್ನೊಬ್ಬರು ತೊಡುವುದೂ ಉಂಟು. ಸಾಧ್ಯವಾದರೆ ಎರಡು ಜೊತೆಯೇ ತನ್ನಿ.