ಕ್ರಾಫ್ಟ್ ಯೂನಿಯನ್ನಾ, ಇಂಡಸ್ಟ್ರಿಯಲ್ ಯೂನಿಯನ್ನಾ? ಗೆರೆ ಎಳೆದು ಕೆಟ್ಟವನ ಉತ್ತರ

ಎಂ.ಎ. ಪ್ರಬಂಧಕ್ಕೆ ಅಮೆರಿಕದ ಕ್ರಾಫ್ಟ್ ಯೂನಿಯನ್ (ಕಸುಬಿಗೊಂದು ಸಂಘ) ತಗೊಳ್ಳಲಾ, ಇಂಡಸ್ಟ್ರಿಯಲ್ ಯೂನಿಯನ್ (ಇಡೀ ಉದ್ಯಮಕ್ಕೆ ಒಂದೇ ಸಂಘ) ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ತಗೊಂಡು ಮಧ್ಯೆ ಒಂದು ಗೆರೆ ಎಳೆದಿದ್ದೆ. ಮುಳುಗಿಸಿದ್ದು ಆ ಗೆರೆಯೇ.

ಎಡಗಡೆ 1886ರಲ್ಲಿ ಹುಟ್ಟಿದ ಎಎಫ್‌ಎಲ್ (ಅಮೆರಿಕನ್ ಫೆಡರೇಶನ್ ಆಫ್ ಲೇಬರ್, ಸಂಘಗಳ ಒಕ್ಕೂಟ): ಬಡಗಿಗಳಿಗೊಂದು ಸಂಘ, ಪ್ಲಂಬರ್‌ಗಳಿಗೊಂದು, ಅಚ್ಚುಮೊಳೆ ಜೋಡಿಸೋರಿಗೊಂದು. ಬಲಗಡೆ 1935ರ ಸಿಐಓ (ಇಂಡಸ್ಟ್ರಿಯಲ್ ಸಂಘಗಳ ಒಕ್ಕೂಟ): ಕಸ ಗುಡಿಸೋರಿಂದ ಫಿಟ್ಟರ್‌ವರೆಗೆ ಇಡೀ ಕಾರ್ಖಾನೆಗೆ ಒಂದೇ ಸಂಘ. ಹಳೇದು ಹೋಯ್ತು, ಹೊಸದು ಬಂತು, ಅಷ್ಟೇ ಕಥೆ ಅಂತ ಬರೆದಿದ್ದೆ. ಸಿಐಓ ಕಟ್ಟಿದ ಜಾನ್ ಎಲ್. ಲೂಯಿಸ್ ಗಣಿ ಕಾರ್ಮಿಕರ ಅಧ್ಯಕ್ಷ ಅಲ್ವಾ, ಹಾಗಾಗಿ ಗಣಿ ಸಂಘವನ್ನು ಬಲಗಡೆ ಕೂರಿಸಿದ್ದೆ.

ವೈವಾದಲ್ಲಿ ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "1935ಕ್ಕೆ ಮುಂಚೆ ಈ ಗಣಿ ಸಂಘ ಎಲ್ಲಿತ್ತಪ್ಪಾ?"

ಎಎಫ್‌ಎಲ್ ಒಳಗೇ ಇತ್ತು! 1890ರಿಂದಲೂ. ನನಗೆ ಬಾಯಿ ಬರಲಿಲ್ಲ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದೇ ನನ್ನ ಆರು ತಿಂಗಳು ತಿಂದಿದ್ದು. ಕಲ್ಲಿದ್ದಲು ಅಗೆಯೋರು ಮುಷ್ಕರ ಹೂಡಿದಾಗ, ಗಣಿಬಾಯಿಯಲ್ಲಿ ಎಂಜಿನ್ ನಡೆಸೋನು, ನೀರು ಪಂಪ್ ಮಾಡೋನು ಬೇರೆ ಬೇರೆ ಸಂಘದವರಾಗಿ ಕೆಲಸ ಮುಂದುವರಿಸಿದ್ರೆ ಮಾಲೀಕನಿಗೆ ಚಿಂತೆಯೇ ಇಲ್ಲ. ಆದ್ದರಿಂದ ಗಣಿಯಲ್ಲಿ ಎಲ್ಲರೂ ಒಂದೇ ಸಂಘ. ಕಸುಬಿಗೊಂದು ಸಂಘ ಅಂತ ಹಟ ಹಿಡಿದಿದ್ದ ಎಎಫ್‌ಎಲ್ಲೇ 1901ರಲ್ಲಿ ಸ್ಕ್ರಾಂಟನ್ ಅಧಿವೇಶನದಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ನನ್ನ ಗೆರೆಯ ಬಲಗಡೆಯದು ಎಡಗಡೆಯ ಮನೆಯಲ್ಲೇ ಬೆಳೆದಿತ್ತು.

ಬರೀ ಗಣಿ ಅಲ್ಲ. ಕುಶಲಿ, ಕೂಲಿ ಅಂತ ನೋಡದೆ ಸೇರಿಸಿಕೊಂಡ ನೈಟ್ಸ್ ಆಫ್ ಲೇಬರ್ ಅನ್ನೋ ಸಂಘಟನೆ 1869ರದ್ದು, 1886ರ ಹೊತ್ತಿಗೆ ಸುಮಾರು 7 ಲಕ್ಷ ಸದಸ್ಯರು. 1894ರಲ್ಲಿ ಪುಲ್‌ಮನ್ ಅನ್ನೋ ರೈಲು ಬೋಗಿ ಕಂಪನಿಯ ಮುಷ್ಕರದಲ್ಲಿ ಕಾರ್ಮಿಕ ನಾಯಕ ಯೂಜೀನ್ ಡೆಬ್ಸ್‌ನ ರೈಲ್ವೆ ಯೂನಿಯನ್ ಕೂಡ ಎಲ್ಲಾ ಕೆಲಸದವರದ್ದು (ಕಪ್ಪು ಜನರನ್ನು ಮಾತ್ರ ಹೊರಗಿಟ್ಟಿತ್ತು, ಆ "ಎಲ್ಲಾ" ಅಷ್ಟೇ). ಇನ್ನು ಹಳೇದು ಹೋಯ್ತು ಅಂತ ಬರೆದಿದ್ದೆನಲ್ಲ? 1955ರಲ್ಲಿ ಎರಡೂ ಒಂದಾದಾಗ ಎಎಫ್‌ಎಲ್ ಸದಸ್ಯರು ಸಿಐಓದ ಹೆಚ್ಚುಕಡಿಮೆ ಎರಡರಷ್ಟು. ಅಧ್ಯಕ್ಷನಾದೋನು ಜಾರ್ಜ್ ಮೀನಿ, ಪ್ಲಂಬರ್.

ಎರಡು ಅಧ್ಯಾಯ ಮತ್ತೆ ಬರೆದೆ. ಅಷ್ಟರಲ್ಲಿ ಉಪನ್ಯಾಸಕ ಹುದ್ದೆಯೊಂದರ ಅರ್ಜಿ ದಿನಾಂಕ ಮುಗಿದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಯೂನಿಯನ್ ಜಾತಿ ಆರಿಸಬೇಡಿ, ಒಂದು ಕೆಲಸದ ಜಾಗ ಆರಿಸಿ. ಅಲ್ಲಿ ಯಾರು ಕೈ ಬಿಟ್ರೆ ಕೆಲಸ ನಿಲ್ಲುತ್ತೆ ಅಂತ ಹುಡುಕಿ. ನನ್ನ ಕೇಳಿದ್ರೆ ಮಿಷಿಗನ್‌ನ ಫ್ಲಿಂಟ್ ಊರು ತಗೊಳ್ಳಿ. 1936ರ ಡಿಸೆಂಬರ್ 30ರಿಂದ 44 ದಿನ ಕಾರ್ಮಿಕರು ಜನರಲ್ ಮೋಟರ್ಸ್ ಕಾರ್ಖಾನೆ ಒಳಗೇ ಕೂತರು. ಕಾರಿನ ಬಾಡಿ ಒತ್ತುವ ಅಚ್ಚುಗಳು ಅಲ್ಲಿನ ಫಿಷರ್ ಅನ್ನೋ ಘಟಕದಲ್ಲಿದ್ದವು, ಅದು ನಿಂತ್ರೆ ಬೇರೆ ಊರಿನ ಘಟಕಗಳೂ ನಿಲ್ಲಬೇಕು. ಪೊಲೀಸರು ಅಶ್ರುವಾಯು ಬಿಟ್ಟಾಗ ಕಾರಿನ ಬಾಗಿಲ ಹಿಂಜುಗಳನ್ನೇ ತೂರಿದರು.

ಇನ್ನೊಂದು. 1935ರಲ್ಲಿ ಅಟ್ಲಾಂಟಿಕ್ ಸಿಟಿ ಅಧಿವೇಶನದಲ್ಲಿ ಲೂಯಿಸ್ ಬಡಗಿಗಳ ನಾಯಕ ಹಚಿಸನ್‌ಗೆ ಗುದ್ದಿದ್ದು ನಿಮಗೂ ಸಿಗುತ್ತೆ. ಮೊದಲ ಪುಟದಲ್ಲಿ ಹಾಕಬೇಡಿ. ನಾನು ಹಾಕಿದ್ದೆ.