ಮೈಲುತುತ್ತ ಹೊಡೆದರೆ ಸಾವಯವ ಆಗುತ್ತಾ?

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಯೂರಿಯಾ ಹಾಕೋದು ಬಿಟ್ಟಿದ್ದೇವೆ. ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಸುಣ್ಣದ ಜೊತೆ ಬೆರೆಸಿದ್ದು) ಹೊಡೆಯಲೇಬೇಕು. ಇದನ್ನು ಸಾವಯವ ಅನ್ನಬಹುದಾ? ಪರಿಸರಕ್ಕೆ ನಿಜಕ್ಕೂ ಒಳ್ಳೆಯದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅನ್ನಬಹುದು, ಆದರೆ ಮಿತಿ ಇದೆ. ತಾಮ್ರದ ಔಷಧಿಗಳನ್ನು ಸಾವಯವ ನಿಯಮಗಳು ಪೂರ್ತಿ ನಿಷೇಧಿಸಿಲ್ಲ, ನಿರ್ಬಂಧಿತ ಪಟ್ಟಿಯಲ್ಲಿ ಇಟ್ಟಿವೆ. ಸಾವಯವ ಪ್ರಮಾಣಪತ್ರ ಬೇಕಿದ್ದರೆ ಅದನ್ನು ಕೊಡುವ ಸಂಸ್ಥೆಯವರನ್ನು ಮೊದಲೇ ಕೇಳಿ. ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 3 ವರ್ಷ ಪರಿವರ್ತನೆ ಅವಧಿ (ಪೂರ್ತಿ ಸಾವಯವ ಅನ್ನಿಸಿಕೊಳ್ಳುವ ಮುಂಚೆ ಕಾಯಬೇಕಾದ ಸಮಯ) ಇರುತ್ತದೆ.

ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತೊಂದರೆ ಇರುವುದು ತಾಮ್ರದಲ್ಲಿ. ಅದು ಕರಗಿ ಮಾಯವಾಗುವ ವಸ್ತುವಲ್ಲ, ವರ್ಷ ವರ್ಷ ಮಣ್ಣಲ್ಲೇ ಕೂರುತ್ತದೆ, ಜಾಸ್ತಿಯಾದರೆ ಎರೆಹುಳುವಿಗೂ ಸೂಕ್ಷ್ಮಜೀವಿಗಳಿಗೂ ಕಷ್ಟ. ಆಗಾಗ ಮಣ್ಣು ಪರೀಕ್ಷೆ ಮಾಡಿಸಿ, ತಾಮ್ರವನ್ನೂ ನೋಡಲು ಹೇಳಿ. ಅಡಿಕೆ ಗೊನೆಗೆ ಕೊಟ್ಟೆ (ಪ್ಲಾಸ್ಟಿಕ್ ಹೊದಿಕೆ) ಕಟ್ಟಿದರೆ ಸಿಂಪಡಣೆ ಕಡಿಮೆಯಾಗುತ್ತದೆ, ಆದರೆ ಆ ಪ್ಲಾಸ್ಟಿಕ್ಕನ್ನು ತೋಟದಲ್ಲೇ ಬಿಟ್ಟರೆ ಏನು ಬಂತು?

ಯೂರಿಯಾ ಬಿಟ್ಟಿದ್ದು ಒಳ್ಳೆಯದೇ. ಅದು ಹೆಚ್ಚಾದರೆ ನೈಟ್ರೇಟ್ ಆಗಿ ಹಳ್ಳ, ಬಾವಿಗೆ ಇಳಿಯುತ್ತದೆ, ಭೂಮಿಯ ಬಿಸಿ ಏರಿಸುವ ನೈಟ್ರಸ್ ಆಕ್ಸೈಡ್ ಎಂಬ ಅನಿಲವೂ ಗಾಳಿಗೆ ಸೇರುತ್ತದೆ. ಹಾಗಂತ ಸಗಣಿ ಗೊಬ್ಬರವನ್ನು ಜೋರು ಮಳೆಗೆ ಮುಂಚೆ ಸುರಿದರೂ ಅದೇ ಕಥೆ, ಸಾವಯವ ಅಂತ ಮಳೆ ಬಿಡುತ್ತಾ?

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಗೊಬ್ಬರದ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಬರುವುದು ಬೆಟ್ಟದಿಂದ ಅಲ್ವಾ? ಮರದ ತುದಿವರೆಗೂ ಸವರಿ, ನೆಲದ ಎಲೆಯನ್ನೆಲ್ಲ ಗುಡಿಸಿ ತಂದರೆ ತೋಟ ಹಸಿರಾಗುತ್ತದೆ, ಬೆಟ್ಟ ಬೋಳಾಗುತ್ತದೆ. ಸರದಿ ಮೇಲೆ ಸೊಪ್ಪು ಕಡಿಯಿರಿ. ಅಡಿಕೆ ಸೋಗೆ, ಸಿಪ್ಪೆಯನ್ನು ಸುಡದೆ ಕೊಳೆಸಿ ತೋಟಕ್ಕೇ ಹಾಕಿ.